ಇಪ್ಪತ್ತೊಂದನೇ ಪ್ರಶ್ನೆ

ಮಂಡ್ಯದ ಕಾಲೇಜು ಹುಡುಗರಿಗೆ ಮೇಷ್ಟ್ರ ಬಗ್ಗೆ ಅಭಿಪ್ರಾಯ ಇಲ್ಲ ಅಂತಲ್ಲ, ಮಳವಳ್ಳಿ ಬಸ್ಸು ಹತ್ತಿದ್ರೆ ಎಲ್ಲಾ ಕೇಳಿಸುತ್ತೆ. ಫೀಡ್‌ಬ್ಯಾಕ್ ಫಾರಂ ಕೊಟ್ರೆ ಮಾತ್ರ ಎಲ್ಲ ಮೇಷ್ಟ್ರಿಗೂ ಫುಲ್ ಮಾರ್ಕ್ಸು! ಇಂಟರ್ನಲ್ಸ್ ಅಂಕ ಅವರ ಕೈಲೇ ಇರುವಾಗ ಇನ್ನೇನು ಕೊಟ್ಟಾರು?

2017ರಲ್ಲಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ವಿದ್ಯಾರ್ಥಿಗಳನ್ನೇ ನೇರವಾಗಿ ಕೇಳುವ ಸಮೀಕ್ಷೆ ತಂತು. ಸಿಲೆಬಸ್ ಎಷ್ಟು ಮುಗೀತು ಅನ್ನೋದರಿಂದ ಶುರುವಾಗಿ 20 ಪ್ರಶ್ನೆ, 0ಯಿಂದ 4ರವರೆಗೆ ಅಂಕ. 21ನೆಯದಕ್ಕೆ ಮಾತ್ರ ಬರೀಬೇಕು: ಪಾಠ ಸುಧಾರಿಸೋಕೆ ಮೂರು ಸಲಹೆ. ನನಗೆ ಇಷ್ಟವಾದದ್ದು ಅದೊಂದೇ.

ಪರಿಚಯದ ಮದ್ದೂರಿನ ಹುಡುಗಿ ಹೇಳ್ತಿದ್ಲು: “ನಾವು ಬರ್ಕೊಳ್ಳೋ ಮುಂಚೆನೇ ಬೋರ್ಡ್ ಅಳಿಸ್ತಾರೆ ಸಾರ್.” ಇದಕ್ಕೆ ಎಷ್ಟು ಅಂಕ ಹಾಕೋದು? ಸೆಮಿಸ್ಟರ್ ಮಧ್ಯದಲ್ಲೇ, ಹೆಸರಿಲ್ಲದ ಒಂದು ಚೀಟಿಯಲ್ಲಿ ಕೇಳಿದ್ರೆ ಅವಳಿಗೇ ಉಪಯೋಗ. ಪರೀಕ್ಷೆ ಮುಗಿದ ಮೇಲೆ ಕೇಳಿದ್ರೆ ಜೂನಿಯರ್‌ಗಳಿಗೆ, ಅದೂ ಯಾರಾದ್ರೂ ಓದಿದ್ರೆ.