ಚರಿತ್ರೆಯನ್ನೋದಿದರೆ ಜೀವನೋಪಾಯವುಂಟೇ?

ಮಗಳು ಪಿ.ಯು.ಸಿ. ಮುಗಿಸಿ ಕಾಮರ್ಸನ್ನು ಬಯಸಿದರೆ ಮನೆಯಲ್ಲಿ ಯಾರೂ ಏನನ್ನೂ ಕೇಳರು. ಚರಿತ್ರೆಯನ್ನು ಬಯಸಿದಳೆಂದರೆ, "ಅದರಿಂದ ಹೊಟ್ಟೆ ತುಂಬೀತೇ?" ಎಂಬ ಪ್ರಶ್ನೆಯೇಳುತ್ತದೆ. ಈ ಪ್ರಶ್ನೆಯನ್ನು ನಾವು ಕೀಳಾಗಿ ಕಾಣುವವರಲ್ಲ. ಸಾಲಮಾಡಿ ಓದಿಸತಕ್ಕ ತಂದೆಗೆ ಅದನ್ನು ಕೇಳುವ ಹಕ್ಕುಂಟು.

ನಮ್ಮ ಊರು ಕುಣಿಗಲ್ ತಾಲ್ಲೂಕಿನ ಯಡಿಯೂರು. ಯಾತ್ರಿಕರು ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನಮಾಡಿ, ಪ್ರಸಾದ ಸ್ವೀಕರಿಸಿ, ಹಾಸನದ ದಾರಿ ಹಿಡಿಯುತ್ತಾರೆ. ಬಾಲ್ಯದಲ್ಲಿ ನಾವು ಬಲ್ಲುದೂ ಅಷ್ಟೆ. ಸ್ವಾಮಿಗಳು ಸಮೀಪದ ಕಗ್ಗೆರೆಯ ತೋಟದಲ್ಲಿ ಬಹುಕಾಲ ತಪವನ್ನಾಚರಿಸಿದ ಕಾರಣ ತೋಂಟದ ಸಿದ್ಧಲಿಂಗರೆನಿಸಿದರೆಂದು ಅಜ್ಜಿ ಹೇಳುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಎಂ.ಎ. ತರಗತಿಯಲ್ಲಿ ಕುಳಿತ ಮೇಲೆ, ಕೇಳಿದ ಕಥೆಯನ್ನು ಅಲ್ಲಗಳೆಯದೆ, ಕಣ್ಣುಮುಚ್ಚಿ ನಂಬಲೂ ನಂಬದೆ, "ಇದನ್ನು ಹೇಳಿದವರಾರು? ಯಾವಾಗ ಹೇಳಿದರು?" ಎಂದು ವಿಚಾರಿಸುವುದನ್ನು ಕಲಿತೆವು. ಅಜ್ಜಿಯ ಮಾತು ಒಂದು ಬಗೆಯ ಸಾಕ್ಷಿ. ವಿರಕ್ತ ತೋಂಟದಾರ್ಯನ ಪುರಾಣವು ಮತ್ತೊಂದು. ಸ್ವಾಮಿಗಳೇ ರಚಿಸಿದ ಏಳುನೂರರಷ್ಟು ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವು ಬೇರೆಯೇ ಬಗೆಯದು. ಇವುಗಳ ಮಾತನ್ನು ತೂಗಿನೋಡುವ ಅಭ್ಯಾಸವೇ ಚರಿತ್ರೆ. ಅರಸರ ಪಟ್ಟಿಯನ್ನು ಉರುಹೊಡೆಯುವುದು ಚರಿತ್ರೆಯಲ್ಲ. ಆದರೆ ಪರೀಕ್ಷೆಗೆ ಅದೂ ಬೇಕು, ಏನು ಮಾಡುವುದು!

ಮಿಷನ್ ಶಾಲೆಯಲ್ಲಿ ಓದಿದವರಿಗೆ ಒಂದು ಹೆಸರು ಹತ್ತಿರದ್ದು. ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ೧೮೩೭ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಸಾಹೇಬರು ವಿದ್ಯಾ ಇಲಾಖೆಯ ಕೆಲಸದ ಮೇಲೆ ಸುತ್ತಾಡುತ್ತ ಊರೂರಿನ ಶಿಲಾಶಾಸನಗಳನ್ನು ಕಂಡರು. ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯದು, ೧೯೦೪ರಲ್ಲಿ ಅಚ್ಚಾಯಿತು. ಕುರಿ ಕಾಯುವವರು ಒರಗಿ ಕೂರುತ್ತಿದ್ದ ಕಲ್ಲುಗಳು ಅದರಲ್ಲಿ ಮಾತಾಡುತ್ತವೆ.

ಇನ್ನು ಸಂಬಳದ ಮಾತು. ಬರಿಯ ಎಂ.ಎ. ಪದವಿಯಿಂದ ಕೆಲಸ ದೊರೆಯುವುದು ದುರ್ಲಭ. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸಲು ಬಿ.ಎಡ್. ಬೇಕು, ಪದವಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾಗಬೇಕು. ಪ್ರಾಚ್ಯವಸ್ತು ಇಲಾಖೆ, ರಾಜ್ಯ ಪತ್ರಾಗಾರ ಮೊದಲಾದೆಡೆ ಹುದ್ದೆಗಳು ಕೆಲವೇ. ನಾವು ಆರು ವರುಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆವು. ಅತಿಥಿಯೆಂಬ ಮಾತು ಕೇಳಲು ಇಂಪು. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಆ ಬೇಸಗೆಗಳಲ್ಲಿ ಮನೆ ನಡೆಸಿದ್ದು ತಾಯಿಯವರ ಎರಡು ಹಸುಗಳು. ಬಿ.ಎಡ್. ಮಾಡಿದ ಬಳಿಕವೇ ನಮಗೆ ನೆಲೆ ಸಿಕ್ಕಿತು.

ಆದರೂ ದಾರಿ ಪಾಠಶಾಲೆಯೊಂದೇ ಅಲ್ಲ. ನಮ್ಮ ಸಹಪಾಠಿಯೊಬ್ಬಳು ಬಿ.ಎ. ಆದಮೇಲೆ ಕಾನೂನನ್ನೋದಿ, ಹಳೆಯ ಕ್ರಯಪತ್ರ, ಪಹಣಿಗಳನ್ನು ಬಿಡಿಸಿ ಓದುವುದರಲ್ಲಿ ಹಿರಿಯ ವಕೀಲರಿಗೂ ಬೇಕಾದವಳಾಗಿದ್ದಾಳೆ. ಜ್ಯೋತ್ಸ್ನಾ ಕಾಮತರು ಆಕಾಶವಾಣಿಯಲ್ಲಿ ದುಡಿಯುತ್ತಲೇ ಮಧ್ಯಕಾಲೀನ ಕರ್ನಾಟಕದ ಜನಜೀವನವನ್ನು ಕುರಿತ ಗ್ರಂಥವನ್ನು ೧೯೮೦ರಲ್ಲಿ ಪ್ರಕಟಿಸಿದರು. ಆಡಳಿತಸೇವೆಯ ಪರೀಕ್ಷೆಗಳಲ್ಲಿಯೂ ಚರಿತ್ರೆಗೆ ಸ್ಥಾನವುಂಟು. ಕಲಿಯಲು ಮೈಸೂರಿನವರೆಗೆ ಹೋಗಬೇಕಾದುದೂ ಇಲ್ಲ. ೨೦೦೪ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗವಿದೆ.

ಈ ವರುಷ ನಮ್ಮ ತಮ್ಮನ ಮಗಳು ಚರಿತ್ರೆಯೇ ಬೇಕೆಂದು ಹಟಹಿಡಿದಳು. "ಅಕ್ಕಾ, ನೀನು ಪಟ್ಟ ಪಾಡು ನೋಡಿಯೂ ಸೇರಿಸಲೇ?" ಎಂದು ತಮ್ಮ ಕೇಳಿದ. "ಸೇರಿಸಪ್ಪ. ಜೊತೆಗೆ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಳ್ಳಲಿ, ಶಾಸನ ಓದಲು ಬೇಕು. ಬಿ.ಎಡ್. ಖರ್ಚನ್ನು ಈಗಲೇ ಲೆಕ್ಕ ಹಾಕಿಡು" ಎಂದೆವು. ಅವನು ಮನಸಾರೆ ಒಪ್ಪಿದನೆಂದು ಹೇಳಲಾರೆವು, ಅರ್ಜಿಯನ್ನಂತೂ ತಂದಿಟ್ಟಿದ್ದಾನೆ.