ಬಿಸಿಲಿನ ಅಭಿಮಾನ

ನಮ್ಮ ರಾಯಚೂರು ಸೀಮೆಯವರಿಗೆ ಬಿಸಿಲಿನ ವಿಷಯದಲ್ಲಿ ಒಂದು ಬಗೆಯ ಅಭಿಮಾನ. ಬೆಂಗಳೂರಿನ ನೆಂಟರು ಏಪ್ರಿಲ್‌ನಲ್ಲಿ ಬಂದು ಬೀಸಣಿಗೆಗೆ ಕೈಚಾಚಿದರೆ, ‘ಬಿಸಿಲು ಇನ್ನೂ ಬಂದೇ ಇಲ್ಲ’ ಎನ್ನುವುದು ನಮ್ಮ ಅತಿಥಿಸತ್ಕಾರದ ಮೊದಲ ಮಾತು. ನಾನೂ ಎಷ್ಟೋ ಸಲ ಹಾಗೆಂದವನೇ.

ಆ ಅಭಿಮಾನ ಇಳಿದದ್ದು ಮಸ್ಕಿಯ ಬಸ್ ನಿಲ್ದಾಣದಲ್ಲಿ. ಮೇ ತಿಂಗಳ ಒಂದು ಮಧ್ಯಾಹ್ನ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವನು ಬಸ್ಸು ನಿಂತಾಗ ಕೆಳಗಿಳಿದೆ. ಗೋಡೆಗೊರಗಿದ್ದ ಹಮಾಲನೊಬ್ಬ ಏನೇನೋ ತೊದಲುತ್ತ, ಏಳಹೋಗಿ ಕುಸಿದ. ‘ಹಗಲೇ ಕುಡಿದಿದ್ದಾನೆ’ ಎಂದೆ. ಸುತ್ತಲಿನವರು ನಕ್ಕರು, ತರಗತಿಯಲ್ಲಿ ನನ್ನ ಮಾತಿಗೆ ಅಷ್ಟು ಬೇಗ ನಗು ಹುಟ್ಟುವುದಿಲ್ಲ. ಮಜ್ಜಿಗೆ ಮಾರುತ್ತಿದ್ದ ಮುದುಕಿಯೊಬ್ಬಳು ಮಾತ್ರ ಎದ್ದು ಬಂದು ಅವನ ಹಣೆ ಮುಟ್ಟಿದಳು.

‘ಸೆರೆ ಅಲ್ಲರೀ ಯಪ್ಪಾ, ಬಿಸಲು ಬಡದೈತಿ. ಮೈ ಸುಡಾಕತ್ತೈತಿ, ನೀರು ತರ್ರಿ!’

ನೆರಳಿಗೆಳೆದು, ಅಂಗಿ ಬಿಚ್ಚಿ, ಅವಳ ಕೊಡದ ನೀರನ್ನೆಲ್ಲ ಮೈಮೇಲೆ ಸುರಿದೆವು. ಕೈಯಲ್ಲಿದ್ದ ಪತ್ರಿಕೆಯಿಂದ ನಾನು ಗಾಳಿ ಬೀಸಿದೆ. ಯಾರೋ ಬಾಯಿಗೆ ನೀರು ಹಾಕಹೋಗಿ ಅವಳಿಂದ ಬೈಸಿಕೊಂಡರು; ಎಚ್ಚರವಿಲ್ಲದವನಿಗೆ ಕುಡಿಸಿದ ನೀರು ಉಸಿರಿನ ದಾರಿ ಹಿಡಿದೀತು. 108ರ ಗಾಡಿ ಬಂದು ಅವನನ್ನು ಒಯ್ದಿತು.

ದೇಹದ ಒಳಗಿನ ಕಾವು 40 ಡಿಗ್ರಿ ದಾಟಿದರೆ ಮಿದುಳು ತಡವರಿಸುತ್ತದೆಯಂತೆ. ನಾನು ಅಮಲೆಂದುಕೊಂಡದ್ದು ಅದನ್ನೇ. ಬೆವರು ಹರಿದರೆ ಸಾಲದು, ಆರಬೇಕು. ಆರುವಾಗಲೇ ಅದು ಕಾವನ್ನು ಒಯ್ಯುವುದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಬತ್ತದ ಸೀಮೆಯಾಯಿತು. ನೀರು ನಿಂತ ಗದ್ದೆಯ ತೇವದ ಗಾಳಿಯಲ್ಲಿ ಬೆವರು ಬೇಗ ಆರದು. ಒಣ ಬಿಸಿಲಿನಲ್ಲಿ ಕಲಿತ ನಮ್ಮ ಹಳೆಯ ಲೆಕ್ಕ ಅಲ್ಲಿ ತಪ್ಪುತ್ತದೆ. ಭೂಮಿಯೇ ಬಿಸಿಯೇರುತ್ತಿರುವ ಈ ಕಾಲದಲ್ಲಿ ರಾತ್ರಿಯೂ ತಣಿಯದೆ, ಹಗಲಿನ ದಣಿವು ಮರುದಿನಕ್ಕೆ ಬಾಕಿ ಉಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಆದೇಶ ನಮ್ಮ ಕಡೆ ಎಷ್ಟೋ ವರ್ಷ ಹೊರಟಿದೆ. ಹಮಾಲನ ಚೀಲಕ್ಕೆ ಅಂಥ ಆದೇಶವಿಲ್ಲ.

ಮಸ್ಕಿ ಎಂದೊಡನೆ ನಾವು ಅಧ್ಯಾಪಕರು 1915ರಲ್ಲಿ ಬೆಳಕಿಗೆ ಬಂದ ಶಾಸನವನ್ನು ನೆನೆಯುತ್ತೇವೆ. ಅಶೋಕನ ಹೆಸರನ್ನೇ ಹೇಳುವ ಬಂಡೆ ಅದು. ಜನಕ್ಕೂ ದನಕ್ಕೂ ನೆರಳಾಗಲೆಂದು ದಾರಿಬದಿಯಲ್ಲಿ ಆಲ ನೆಡಿಸಿದೆನೆಂದು ಅವನು ಬರೆಸಿದ್ದು ಮಾತ್ರ ಬೇರೆ ಶಾಸನದಲ್ಲಿ. ಅಂದು ಆ ನಿಲ್ದಾಣದಲ್ಲಿ ನನಗೆ ಬೇಕಾಗಿದ್ದದ್ದು ಆ ಎರಡನೆಯದು.

ಮುಂದಿನ ತಿಂಗಳು ಅದೇ ದಾರಿಯಲ್ಲಿ ಬಂದಾಗ ಮುದುಕಿಯನ್ನು ಕೇಳಿದೆ. ‘ಅದಾನ್ರಿ. ಈಗ ಮುಂಜಾನಿ ಅಷ್ಟ ಚೀಲ ಹೊರ್ತಾನ’ ಎಂದು, ನನ್ನ ತಲೆಯ ಮೇಲೆ ಬಟ್ಟೆಯಿಲ್ಲದ್ದನ್ನು ನೋಡಿ, ಕೇಳದೆಯೇ ಒಂದು ಲೋಟ ಮಜ್ಜಿಗೆಗೆ ಉಪ್ಪು ಹಾಕಿದಳು.