ಪೀಪಾಯಿಯ ಗಾಳಿ

ದಾವಣಗೆರೆ ಮನೆಯಲ್ಲಿ ಅವ್ವ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯೋದು ಒಳಗೆ ಗಾಳಿ ಆಡಬಾರದು ಅಂತ. ಪೋರ್ಚುಗಲ್ಲಿನ ಟಾನಿ ಪೋರ್ಟ್ ವೈನಿಗೆ ಆ ಗಾಳಿಯೇ ಬೇಕು. ದ್ರಾಕ್ಷಿರಸ ಹುದುಗುವಾಗ ಅರ್ಧದಲ್ಲೇ ದ್ರಾಕ್ಷಿ ಸ್ಪಿರಿಟ್ ಸುರೀತಾರೆ. ಯೀಸ್ಟ್ ಸಾಯುತ್ತೆ, ಸಿಹಿ ಉಳಿಯುತ್ತೆ. ಇಲ್ಲೀತನಕ ಎಲ್ಲಾ ಒಂದೇ. ದೊಡ್ಡ ತೊಟ್ಟಿಯಲ್ಲಿ ಎರಡು-ಮೂರು ವರ್ಷ ಇಟ್ಟರೆ ಕೆಂಪು ಕೆಂಪಾಗೇ ಇರೋ ರೂಬಿ. ಸುಮಾರು 550 ಲೀಟರಿನ ಓಕ್ ಪೀಪಾಯಿಗೆ ಹಾಕಿದರೆ ಮರದೊಳಗಿಂದ ಗಾಳಿ ಇಷ್ಟಿಷ್ಟೇ ನುಸುಳಿ, ಬಣ್ಣ ಕಂದಿ, ಅಕ್ರೋಟಿನ ಘಮ ಬಂದು ಟಾನಿ.

ಸ್ಪೇನಿನ ಶೆರ್ರಿ ಇನ್ನೂ ತಮಾಷೆ. ಪೀಪಾಯಿ ಪೂರ್ತಿ ತುಂಬಿಸಲ್ಲ. ಮೇಲೆ ಯೀಸ್ಟ್ ಕೆನೆಗಟ್ಟಿ ಗಾಳಿ ತಡೆಯುತ್ತೆ, ಫಿನೋ ತಿಳಿಹಳದಿಯಾಗೇ ಉಳಿಯುತ್ತೆ. ಆಲ್ಕೋಹಾಲ್ 17% ಮುಟ್ಟಿಸಿದರೆ ಆ ಕೆನೆ ಬದುಕಲ್ಲ, ವೈನ್ ಕಂದಾಗಿ ಒಲೊರೊಸೊ ಆಗುತ್ತೆ. (ರೆಸ್ಯೂಮೆಗಳಲ್ಲಿ "10 ವರ್ಷ ಅನುಭವ" ಅಂತ ಕಂಡರೆ, ಯಾವ ಪೀಪಾಯಿಯಲ್ಲಿ ಅಂತ ಕೇಳೋಣ ಅನ್ಸುತ್ತೆ.)

ಮೊನ್ನೆ ಹರಿಹರಕ್ಕೆ ಹತ್ತು ವರ್ಷದ ಟಾನಿ ಒಯ್ದಿದ್ದೆ. ಮಾವನಿಗೆ ಶುಗರ್, ಕುಡಿಯಂಗಿಲ್ಲ. ಮೂಸಿ ನೋಡಿ, "ಒಣದ್ರಾಕ್ಷಿ ವಾಸ್ನಿ ಐತಲ್ಲೋ" ಅಂದ್ರು. ಮೂವತ್ತು ವರ್ಷ ಲೇತ್ ಹಿಡಿದ ಕೈ, ಲೋಟ ಬಿಡಲಿಲ್ಲ. ಅಡುಗೆಮನೆಯಿಂದ ಅತ್ತೆ ಕೆಮ್ಮಿದರು.